ಕೆರೆ ಕೋಡಿ ಹರಿಸಿದ ಗಿಟಾರು

ಜಯನಗರದ ಚಕ್ರಪಾಣಿಯವರಿಗೆ ಸಪ್ಪೆ ಸಾರು, ಸಪ್ಪೆ ವಾಕ್ಯ ಎರಡೂ ಆಗುತ್ತಿರಲಿಲ್ಲ. ಹಗಲೆಲ್ಲ ಗುಮಾಸ್ತಗಿರಿ, ಸಂಜೆ ಬಡಾವಣೆಯ ವಾರಪತ್ರಿಕೆಗೆ ಸಂಗೀತ ವಿಮರ್ಶೆ.

೧೯೮೩ರ ಬೇಸಿಗೆಯಲ್ಲಿ ಎದುರುಮನೆಯ ಸೀನು ತಂಡ ಕಟ್ಟಿಕೊಂಡು ಬನಶಂಕರಿಯ ಹೊಸ ಸಮುದಾಯ ಭವನವೊಂದರಲ್ಲಿ ಬ್ಲೂಸ್ ನುಡಿಸಿದ. ದುಃಖದ ಇಂಗ್ಲಿಷ್ ಹಾಡನ್ನು ಕಿವಿ ಗುಂಯ್‌ಗುಡುವಂತೆ ಬಾರಿಸುವ ಬಗೆ ಅದು. ಚಕ್ರಪಾಣಿಯವರು ಕರಗಿಹೋದರು. "ರೋಡ್ ರೋಲರೊಂದು ಬಿಕ್ಕಿಬಿಕ್ಕಿ ಅಳುತ್ತಾ ನಮ್ಮೆದೆ ಹತ್ತಿತು. ಗಿಟಾರಿನ ಏಟಿಗೆ ಗೋಡೆ ಸೀಳಿತು. ಆ ಅಳುವಿಗೆ ಹೊಸಕೆರೆಹಳ್ಳಿ ಕೆರೆ ಕೋಡಿ ಹರಿಯಿತು" ಎಂದು ಬರೆದರು.

ಗೋಡೆ ನಿಜಕ್ಕೂ ಸೀಳಿತ್ತು. ಸೀನು ಬರುವ ಮೊದಲೇ ಆ ಬಿರುಕಿನಲ್ಲಿ ಹಲ್ಲಿಯೊಂದು ಸಂಸಾರ ಹೂಡಿತ್ತು. ಆದರೆ ಭವನ ಕಟ್ಟಿದ ಕಂಟ್ರಾಕ್ಟರ್ ಸೋಮಲಿಂಗಪ್ಪ ಪತ್ರಿಕೆ ಹಿಡಿದು ಭವನದ ಸಮಿತಿಯ ಮುಂದೆ ನಿಂತ. ಅಚ್ಚಾಗಿರುವ ಮಾತು, ಒಡೆದವರೇ ರಿಪೇರಿ ಮಾಡಿಸಲಿ ಅಂದ. ನಮ್ಮಲ್ಲಿ ಗೋಡೆ ಕಟ್ಟಿದವನನ್ನು ಯಾರೂ ಕೇಳುವುದಿಲ್ಲ. ಅದರ ಪಕ್ಕ ಹಾಡಿದವನು ಸಿಕ್ಕಿಬೀಳುತ್ತಾನೆ. ರಿಪೇರಿ ದುಡ್ಡು ಬರುವ ತನಕ ಇರಲೆಂದು ಕಾರ್ಯದರ್ಶಿ ಸೇತುರಾಮ ಸೀನುವಿನ ಆಂಪ್ಲಿಫೈಯರನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು.

"ಅಂಕಲ್, ಭಾನುವಾರ ಜೆ.ಪಿ. ನಗರದಲ್ಲಿ ಪ್ರೋಗ್ರಾಂ ಇದೆ. ನೀವು ಹೊಗಳಿದ್ದು ಸಾಕು, ಹೋಗಿ ಸುಳ್ಳು ಅಂತ ಹೇಳ್ಬಿಡಿ" ಎಂದ ಸೀನು.

ಸುಳ್ಳು ಎಂಬ ಪದಕ್ಕೆ ಚಕ್ರಪಾಣಿಯವರ ಮೈ ಉರಿಯಿತು. ಆದರೂ ಹೋದರು. ಅದು ಉಪಮೆ, ಅಲಂಕಾರ ಎಂದು ಸಮಿತಿಗೆ ಪಾಠ ಮಾಡಿದರು.

"ಅಲಂಕಾರ ಸರಿ ಸಾರ್, ಬಿರುಕು ಕಾಣ್ತಿದೆಯಲ್ಲ" ಎಂದರು ಸೇತುರಾಮ.

"ಹಾಗಾದ್ರೆ ಕೆರೆ ಕೋಡಿ ಹರಿದಿರೋದನ್ನೂ ನೋಡ್ಕೊಂಡು ಬನ್ನಿ."

ಸಮಿತಿ ಗಂಭೀರವಾಗಿ ಯೋಚಿಸಿ, ಹೋಗಿಯೇಬಿಟ್ಟಿತು. ಒಣಗಿದ ಕೆರೆಯಂಗಳದಲ್ಲಿ ಕ್ರಿಕೆಟ್ ನಡೆದಿತ್ತು. ಸೇತುರಾಮ ಇಳಿದು, ಚಪ್ಪಲಿಯಲ್ಲಿ ಮಣ್ಣು ಕೆದಕಿ ಖಾತ್ರಿ ಮಾಡಿಕೊಂಡರು. ಚಕ್ರಪಾಣಿಯವರ ಬರಹದಲ್ಲಿ ಒಂದಕ್ಷರವೂ ನಿಜವಲ್ಲ ಎಂದು ಠರಾವಾಯಿತು. ಬೀಗ ತೆರೆಯಿತು. ಸೀನು ಆಂಪ್ಲಿಫೈಯರ್ ಹೊತ್ತು ಆಟೋ ಹತ್ತಿದ.

ಚಕ್ರಪಾಣಿಯವರಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಭವನದಿಂದ ಹೊರಡುವ ಮುನ್ನ ಗೋಡೆಯ ಬಿರುಕಿಗೆ ಬೆರಳು ಹಾಕಿದರು. ಗಾರೆ ಸಕ್ಕರೆಯ ಹಾಗೆ ಉದುರಿತು. ಮನೆಗೆ ಬರುವಾಗ ಸೋಮಲಿಂಗಪ್ಪನ ಮನೆಯ ಹೊಸ ಮಹಡಿ ಕಣ್ಣಿಗೆ ಬಿತ್ತು. ಮುಂದಿನ ವಾರ ಹಲ್ಲು ಕಚ್ಚಿ, ಅಲಂಕಾರವನ್ನೆಲ್ಲ ಆಚೆಗಿಟ್ಟು ಬರೆದರು: "ಭವನದ ಗೋಡೆಯಲ್ಲಿ ಬರೀ ಮರಳಿದೆ. ಸಿಮೆಂಟು ಕಂಟ್ರಾಕ್ಟರ ಮಹಡಿಯಲ್ಲಿದೆ."

ಬಸ್ ಸ್ಟಾಪಿನಲ್ಲಿ ಸೇತುರಾಮ ಚಕ್ರಪಾಣಿಯವರ ಬೆನ್ನು ತಟ್ಟಿದರು.

"ಏನ್ ಉಪಮೆ ಸಾರ್, ಸಖತ್ತಾಗಿದೆ."