ಅತ್ತೆಯ ಸಂಚಿಯ ಕಾಚು

ನಮ್ಮ ಅತ್ತೆಗೆ ಎಲೆ ಅಡಿಕೆ ಇಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಸವಣೂರಿನ ಎಲೆಬಳ್ಳಿ ತೋಟದವರು. ಬೆಳಿಗ್ಗೆ ಮುಖ ತೊಳೆದ ಕೂಡಲೇ ಕೈ ಸಂಚಿಗೆ ಹೋಗಬೇಕು. ಆ ಬಟ್ಟೆಯ ಚೀಲದ ಒಂದು ಪದರಿನಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿಗೊಂದು, ಬಾಯಿ ಕೆಂಪಾಗಿಸುವ ಒಗರು ಕಾಚಿಗೊಂದು. ನಾನು ಮಾಸೂರಿನ ಭತ್ತದ ಗದ್ದೆಯ ಕಡೆಯವಳು. ನಮ್ಮ ತವರಿನಲ್ಲಿ ಊಟವಾದ ಮೇಲೆ ಒಂದು ಎಲೆ, ಅಷ್ಟೆ. ಇಲ್ಲಿ ನೋಡಿದರೆ ಹಗಲೆಲ್ಲ ಅಗಿಯುವುದು, ಉಗುಳುವುದು. ಹಿತ್ತಾಳೆಯ ಪೀಕದಾನಿ ತೊಳೆಯುವ ಕೆಲಸ ಸೊಸೆಯದು. ಎರಡು ವರ್ಷ ಅದನ್ನು ತೊಳೆದು ತೊಳೆದು ನನಗೆ ಕೆಂಪು ಕಂಡರೇ ಮೈ ಉರಿಯುತ್ತಿತ್ತು.

ಯುದ್ಧ ನಡೆದಿದ್ದ ಕಾಲ. ಅತ್ತೆಯ ದವಡೆ ಹಲ್ಲೊಂದು ವಾರಗಟ್ಟಲೆ ಕಾಡಿತು. ಲವಂಗಕ್ಕೂ ಬಗ್ಗಲಿಲ್ಲ. ಕೊನೆಗೆ ಸಂತೆಯ ದಿನ, ಇಕ್ಕಳ ಇಟ್ಟುಕೊಂಡು ಕೂಡುತ್ತಿದ್ದ ಮುದುಕನ ಮುಂದೆ ಹೋಗಿ ಕುಳಿತರು. ಆತ ಹಲ್ಲು ಕಿತ್ತು, ಪಟಿಕದ ನೀರಿನಲ್ಲಿ ಅದ್ದಿದ ಅರಿವೆಯ ಉಂಡೆ ಕಚ್ಚಿಸಿ, "ಯವ್ವಾ, ನಾಳಿ ತನಕ ಬಾಯಿ ತೆಗೀಬ್ಯಾಡ್ರಿ, ಮಾತಾಡಬ್ಯಾಡ್ರಿ. ಎಲಿ ಅಡಿಕಿ ಅಂತೂ ಮುಟ್ಟಲೇಬ್ಯಾಡ್ರಿ," ಎಂದ.

ಮನೆಗೆ ಬಂದ ಮೇಲೆ ನನ್ನ ಗಂಡ, "ನೀ ಕಣ್ಣಿಟ್ಟಿರು. ಅವ್ವ ಕದ್ದು ತಿಂತಾಳ," ಎಂದು ನನಗೆ ಹೇಳಿ, ಎಲೆಯ ಪೆಂಡಿಗಳನ್ನು ಗಾಡಿಗೆ ಹೇರಿಕೊಂಡು ಹಾನಗಲ್ಲಿಗೆ ಹೊರಟುಹೋದರು. ಅತ್ತೆಯ ಮೇಲೆ ನನಗೆ ಅಧಿಕಾರ! ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಪಡಸಾಲೆಗೆ ಬಂದು ನೋಡಿದರೆ ಅತ್ತೆ ಪೀಕದಾನಿಗೆ ಬಾಗಿ ಕೆಂಪಗೆ ಉಗುಳುತ್ತಿದ್ದಾರೆ. ಸಂಚಿ ಮಗ್ಗುಲಲ್ಲೇ ಇದೆ.

"ಅತ್ತಿ! ಏನ್ ಮಾಡಾಕತ್ತೀರಿ? ಹಲ್ಲ ಕಿತ್ತು ಇನ್ನೂ ಎರಡ ತಾಸ ಆಗಿಲ್ಲ!"

ಅವರು ಇಲ್ಲ ಇಲ್ಲ ಎಂದು ತಲೆಯಾಡಿಸಿ ಏನೋ ಹೇಳಹೊರಟರು.

"ಬಾಯಿ ತೆಗೀಬ್ಯಾಡ್ರಿ! ನನಗೇನ್ ಕಣ್ಣ ಕಾಣಂಗಿಲ್ಲೇನ್ರಿ?" ಎಂದು ಸಂಚಿ ಕಿತ್ತುಕೊಂಡು ಹೋಗಿ ಜೋಳದ ಗಡಿಗೆಯೊಳಗೆ ಹುದುಗಿಸಿ ಮುಚ್ಚಳ ಮುಚ್ಚಿದೆ. ಆಮೇಲೆ ನಾನು ಅತ್ತ ಸುಳಿದಾಗಲೆಲ್ಲ ಕೈ ಚಾಚಿ ಸಂಚಿ ಇದ್ದ ಜಾಗ ತೋರಿಸಿದರು. ಮೂರು ಸಲ ಕೇಳಿದರು. ಮೂರು ಸಲವೂ ನಾನು, "ಏನ್ ಚಟಾರಿ ನಿಮ್ಮದು!" ಎಂದು ಗದರಿಸಿದೆ. ಕೊನೆಗೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಗೆದ್ದೆ ಅಂದುಕೊಂಡೆ.

ದೀಪ ಹಚ್ಚುವ ಮೊದಲು ಪೀಕದಾನಿಯನ್ನು ಹಿತ್ತಲಿಗೆ ಒಯ್ದು ಬಗ್ಗಿಸಿದೆ. ಸುರಿಯಲಿಲ್ಲ. ಒಳಗೆ ಮುದ್ದೆಯಾಗಿ ಅಲುಗಾಡಿತು. ಎಲೆಯ ರಸ ಹೆಪ್ಪುಗಟ್ಟುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲೆಯ ವಾಸನೆಯಿಲ್ಲ, ಅಡಿಕೆಯ ಒಂದು ಚೂರಿಲ್ಲ. ಅಯ್ಯೋ ಶಿವನೇ! ಅದನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ.

ಅತ್ತೆಯ ತುಟಿ ಬಿಳಿಚಿಕೊಂಡಿತ್ತು. ಕೈ ತಣ್ಣಗಾಗಿತ್ತು. ಅರಿವೆಯ ಉಂಡೆ ರಕ್ತದ ಜೊತೆ ಯಾವಾಗಲೋ ಹೊರಗೆ ಬಂದುಬಿಟ್ಟಿತ್ತು. "ಅತ್ತಿ, ರಗತ ಹೊಂಟೈತ್ರೀ! ಏನ್ ಮಾಡ್ಲಿ, ಹೇಳ್ರಿ!" ಎಂದು ನಾನು ಅಳತೊಡಗಿದೆ. ಅವರು ಕಣ್ಣು ತೆರೆದು ಒಂದೇ ಮಾತು ಆಡಿದರು.

"ಕಾಚು."

ಆಗ ನೆನಪಾಯಿತು. ತೋಟದಲ್ಲಿ ಎಲೆ ಕೊಯ್ಯುವವರು ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಳ್ಳುತ್ತಿದ್ದರು. ಅದು ತಾಗಿ ಯಾರದಾದರೂ ಕೈ ಸೀಳಿದರೆ ಅತ್ತೆ ಕಾಚು ಪುಡಿಮಾಡಿ ಗಾಯಕ್ಕೆ ಒತ್ತುತ್ತಿದ್ದರು. ಅದರ ಒಗರಿಗೆ ರಕ್ತ ನಿಲ್ಲುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಮಧ್ಯಾಹ್ನದಿಂದ ಅವರು ಕೇಳಿದ್ದು ಎಲೆಯನ್ನಲ್ಲ.

ಜೋಳದ ಗಡಿಗೆಗೆ ಮೊಳಕೈ ತನಕ ಕೈ ಹಾಕಿ ಸಂಚಿ ಎಳೆದೆ. ಕಾಚು ಕುಟ್ಟಿ, ಹಳೆಯ ಸೀರೆಯ ಚೂರಿನಲ್ಲಿ ಉಂಡೆ ಕಟ್ಟಿ, ಹಲ್ಲಿದ್ದ ಜಾಗಕ್ಕೆ ಇಟ್ಟು, ಅವರ ಗದ್ದ ಒತ್ತಿ ಹಿಡಿದು ಕುಳಿತೆ. "ಕಚ್ಚಿ ಹಿಡೀರಿ ಅತ್ತಿ, ಬಿಡಬ್ಯಾಡ್ರಿ." ಎರಡನೆಯ ಉಂಡೆಗೆ ಕೆಂಪು ಕಡಿಮೆಯಾಯಿತು. ಮೂರನೆಯದರಲ್ಲಿ ಕಾಚಿನ ಕಂದು ಬಣ್ಣ ಮಾತ್ರ ಇತ್ತು.

ಮರುದಿನ ಗಂಡ ಬಂದವರೇ, "ಅವ್ವ ಎಲಿ ತಿಂದಿಲ್ಲ ಹೌದಲ್ಲ?" ಎಂದು ಕೇಳಿದರು. ಅತ್ತೆಯೇ ಊದಿದ ದವಡೆಯಲ್ಲಿ, "ಇಲ್ಲಪಾ. ರಗತ ನಿಲ್ಲಲಿಲ್ಲ, ನಿನ್ನ ಹೇಣ್ತಿ ಕಾಚು ಇಟ್ಟು ನಿಲ್ಲಿಸಿದ್ಲು. ಬಾಳ ಶಾಣ್ಯಾಕಿ," ಎಂದರು. ಸಂಜೆಯೊಳಗೆ ಓಣಿಯವರೆಲ್ಲ ನನ್ನನ್ನು ಹೊಗಳಿದರು. ನೆಲ ಬಾಯಿ ಬಿಡಬಾರದೇ ಅನಿಸಿತು.

ಎಲ್ಲರೂ ಹೋದ ಮೇಲೆ ಅವರ ಕಾಲು ಹಿಡಿದೆ. "ಯಾಕ್ರಿ ಹಂಗಂದ್ರಿ? ನಾ ನಿಮ್ಮನ್ನ ಕೊಂದ ಬಿಡತಿದ್ದೆ."

ಅತ್ತೆ ಸಂಚಿಯೊಳಗೆ ಸೇರಿದ್ದ ಜೋಳದ ಕಾಳು ಆರಿಸುತ್ತಿದ್ದರು. "ಎರಡ ವರ್ಷ ನನ್ನ ಪೀಕದಾನಿ ತೊಳದಿ. ನಿನಗ ಹ್ಯಾಂಗ ಆಗತೈತಿ ಅಂತ ನಾ ಒಂದ ದಿನಾನೂ ಕೇಳಲಿಲ್ಲ. ಇನ್ನ ಮ್ಯಾಲ ಅದನ್ನ ನಾನ ತೊಳ್ಕೋತೇನಿ ಬಿಡ," ಎಂದರು.

ನಾನು ಬಿಡಲಿಲ್ಲ. ಅವರು ಬದುಕಿದ್ದಷ್ಟು ಕಾಲ ನಾನೇ ತೊಳೆದೆ, ಪ್ರತಿಸಲವೂ ಮೊದಲು ಮೆಲ್ಲಗೆ ಬಗ್ಗಿಸಿ, ಅದು ನೀರಾಗಿ ಸುರಿಯುವುದನ್ನು ನೋಡಿದ ಮೇಲೆಯೇ.