ಮರ್ಯಾದಸ್ಥ ಮೂಗು

ಬಾಗಲಗುಂಟೆಯ ನಮ್ಮ ಮನೆಯಲ್ಲಿ ನನ್ನ ಮೂಗಿಗೆ ದೊಡ್ಡ ಹೆಸರು. ಹಾಲು ಒಡೆಯುವ ಮೊದಲೇ ಹೇಳಿಬಿಡುತ್ತೇನೆ. ಯಜಮಾನರು ದಾರಿಯಲ್ಲಿ ಬೋಂಡ ತಿಂದು ಬಂದರೆ ಬಾಗಿಲಲ್ಲೇ ಹಿಡಿಯುತ್ತೇನೆ. ಪೀಣ್ಯದ ಶೂ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿರುವ ಮೇಲಿನ ಮನೆಯ ಹುಡುಗಿ, "ಆಂಟಿ, ನಮ್ಮಲ್ಲಿ ವಾಸನೆ ನೋಡೋಕೆ ಜನ ಬೇಕು, ಬರ್ತೀರಾ?" ಎಂದಾಗ ಬೀಗಿದೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ.

ಚರ್ಮದಲ್ಲಿ, ಅಂಟಿನಲ್ಲಿ ಉಳಿದ ರಾಸಾಯನಿಕಗಳನ್ನು ಹಿಡಿಯಲು ಅಲ್ಲಿ ಯಂತ್ರಗಳಿವೆ. ವಾಸನೆಗೆ ಮಾತ್ರ ಮನುಷ್ಯರ ಮೂಗೇ ಬೇಕಂತೆ. ಶೂವಿನ ತುಂಡನ್ನು ಗಾಜಿನ ಜಾಡಿಯಲ್ಲಿ ಮುಚ್ಚಿ ಬೆಚ್ಚಗಿಟ್ಟಿರುತ್ತಾರೆ. ಮುಚ್ಚಳ ತೆಗೆದು ಮೂಸಿ, ಚೀಟಿಯಲ್ಲಿ ಅಂಕ ಬರೆಯಬೇಕು: ಒಂದೆಂದರೆ ವಾಸನೆಯೇ ಇಲ್ಲ, ಐದೆಂದರೆ ಸಹಿಸಲಾಗದು. ಅಂಕ ಜಾಸ್ತಿಯಾದರೆ ಮಾಲು ಕಾರ್ಖಾನೆಗೆ ವಾಪಸ್ಸು. ಮೂಸುವ ದಿನ ಮಲ್ಲಿಗೆ, ಪೌಡರು, ಕಾಫಿ ಮೂರೂ ನಿಷಿದ್ಧ. ಕಾಫಿಯಿಲ್ಲದೆ ಹೋದೆ, ದೇಶಸೇವೆಗೆ ಹೊರಟವಳ ಹಾಗೆ.

ಮೊದಲ ಜಾಡಿ ತೆರೆದೆ. ಕೊಳೆತ ಮೀನನ್ನು ಸೀಮೆಎಣ್ಣೆಯಲ್ಲಿ ಅದ್ದಿದಂಥ ನಾತ. ಕಣ್ಣಲ್ಲಿ ನೀರು ಬಂತು. ಆದರೆ ಇನ್ನೊಬ್ಬರು ಮುಂದಿಟ್ಟಿದ್ದಕ್ಕೆ ಮುಖ ಸಿಂಡರಿಸಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿಬಿಟ್ಟಿದ್ದಾರಲ್ಲ. ಪಾಪ, ಯಾರೋ ಕಷ್ಟಪಟ್ಟು ಮಾಡಿದ್ದಾರೆ ಎಂದುಕೊಂಡು ಎರಡು ಎಂದು ಬರೆದೆ. ಜಾಡಿಯ ಕಡೆ ನೋಡಿ ಮುಗುಳ್ನಕ್ಕೆ ಕೂಡ.

ಅದು ನಮ್ಮ ಮೂಗುಗಳನ್ನು ಪರೀಕ್ಷಿಸಲು ಬೇಕೆಂದೇ ಕೆಡಿಸಿಟ್ಟ ತುಂಡು. ನನ್ನ ಜೊತೆ ಮೂಸಲು ಬಂದಿದ್ದ ಉಳಿದವರೆಲ್ಲ ಐದು ಕೊಟ್ಟಿದ್ದರು.

"ನೆಗಡಿ ಏನಾದ್ರೂ ಆಗಿದ್ಯಾ ಮೇಡಂ?" ಬಿಳಿ ಕೋಟಿನ ಮೇಲ್ವಿಚಾರಕಿ ಕೇಳಿದರು.

"ಸ್ವಲ್ಪ," ಎಂದು ಸುಳ್ಳು ಹೇಳಿ, ಸಾಕ್ಷಿಗೆ ಒಂದು ಸೀನನ್ನೂ ಸೀನಿದೆ.

"ಬುಧವಾರ ಇನ್ನೊಂದ್ಸಲ ಬನ್ನಿ. ಅವತ್ತೂ ಹಿಂಗೇ ಆದ್ರೆ ಬೇರೆಯವ್ರನ್ನ ನೋಡ್ಕೋತೀವಿ. ನೀವು ಎರಡು ಕೊಟ್ಟಿದ್ದನ್ನ ಯಾರೋ ಕಾಲಿಗೆ ಹಾಕ್ಕೋತಾರೆ ಕಣ್ರೀ."

ಮನೆಯಲ್ಲಿ ಇದನ್ನು ಕೇಳಿ ಯಜಮಾನರು ಹೊಟ್ಟೆ ಹಿಡಿದು ನಕ್ಕು, ತಮ್ಮ ಶೂ ಬಿಚ್ಚಿ ನನ್ನ ಮುಂದಿಟ್ಟರು. "ಪ್ರಾಕ್ಟೀಸ್ ಮಾಡು. ಎಷ್ಟು?"

"ಮೂರು."

"ಲೇ, ನನ್ ಹತ್ರಾನೂ ಮರ್ಯಾದೇನಾ? ನಿಜ ಹೇಳೇ."

ಕಣ್ಣು ಮುಚ್ಚಿಕೊಂಡು "ಐದು" ಎಂದೆ.

ಅವರ ನಗು ನಿಂತಿತು. "ಅಷ್ಟೊಂದಾ?" ಎಂದು ಶೂ ಎತ್ತಿಕೊಂಡು ಬಾಲ್ಕನಿಗೆ ಹೋದರು.

ಬುಧವಾರದ ಜಾಡಿಯಲ್ಲಿ ಅಂಗೈಗಿಂತ ಚಿಕ್ಕದಾದ, ಶೂವಿನ ಒಳಗಿನ ಅಟ್ಟೆಯಿತ್ತು. ಹಿಮ್ಮಡಿಯ ಜಾಗದಲ್ಲಿ ಗುಲಾಬಿ ಚಿಟ್ಟೆಯ ಚಿತ್ರ. ಅಂಟಿನ ಘಾಟು ಸೀದಾ ನೆತ್ತಿಗೇರಿತು. ಪೆನ್ಸಿಲು ಅಭ್ಯಾಸಬಲದಿಂದ ಎರಡರ ಕಡೆಗೇ ವಾಲಿತು. ಅಷ್ಟರಲ್ಲಿ ಆ ಚಿಟ್ಟೆಯ ಮೇಲೆ ಇಡೀ ದಿನ ಬೆವರುವ ಪುಟ್ಟ ಕಾಲು ಕಣ್ಣ ಮುಂದೆ ಬಂತು. ನಾಲ್ಕು ಎಂದು ಒತ್ತಿ ಬರೆದೆ. ಮನಸ್ಸು ತಡೆಯದೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ದಯವಿಟ್ಟು ಕ್ಷಮಿಸಿ' ಎಂದೂ ಸೇರಿಸಿದೆ.

ಮೇಲ್ವಿಚಾರಕಿ ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮೇಡಂ, ಇದ್ರಲ್ಲಿ ಕ್ಷಮೆ ಕೇಳೋಕೆ ಕಾಲಂ ಇಲ್ಲ."

ಕ್ಷಮೆಯನ್ನಷ್ಟೇ ಗೀಟು ಹಾಕಿ ಹೊಡೆದು, ನಾಲ್ಕನ್ನು ಹಾಗೇ ಉಳಿಸಿಕೊಂಡರು. "ಮುಂದಿನ ವಾರಾನೂ ಬನ್ನಿ," ಎಂದು ಇನ್ನೊಂದು ಜಾಡಿಯನ್ನು ನನ್ನ ಕಡೆ ಸರಿಸಿದರು.