ಬ್ಯಾಂಡ್ ಮಾಸ್ತರ ದಮ್ಮು

ಮೊನ್ನೆ ಬೆಳಿಗ್ಗೆ ಸೊಸೆ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ಹಿತ್ತಾಳೆ ದೀಪ ಉಜ್ಜುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಲಸೂರಿನಲ್ಲಿದ್ದೆ, ನಮ್ಮ ಬ್ಯಾಂಡ್ ಮಾಸ್ತರ ಜಗಲಿಯ ಮೇಲೆ. ಭಾನುವಾರ ಬಂತೆಂದರೆ ಅವರು ತುತ್ತೂರಿ, ಕೊಂಬುಗಳನ್ನೆಲ್ಲ ಹೊರಗೆ ಹರಡಿ, ನಮಗೆ ಒಂದೊಂದು ಹುಣಸೆ ಉಂಡೆ ಕೊಟ್ಟು ಕೂರಿಸುತ್ತಿದ್ದರು. ಉಜ್ಜಿ ಉಜ್ಜಿ ಬೆರಳು ಬಿಳಿಚಿಕೊಳ್ಳುತ್ತಿತ್ತು... ಸೊಸೆ ಕೊಟ್ಟ ಕಾಫಿ ಕೈಯಲ್ಲೇ ಆರಿಹೋಯಿತು.

ಮಾಸ್ತರು ಹಿಂದೆ ಪಲ್ಟಣದ ಬ್ಯಾಂಡಿನಲ್ಲಿದ್ದವರು. ಪಿಂಚಣಿಯಾದ ಮೇಲೆ ತಮ್ಮದೇ ಒಂದು ಬ್ಯಾಂಡ್ ಕಟ್ಟಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಈಗಿನ ಶಿವಾಜಿನಗರದ ಕಡೆ ಹೋದರೆ ಉರ್ದು. ಇಂಗ್ಲಿಷು ಸಿಟ್ಟು ಬಂದಾಗ ಮಾತ್ರ. ಗೋಡೆಯ ಮೇಲೆ ಇದ್ದದ್ದು ಒಂದೇ ಪಟ, ಬುದ್ಧನದು. ನಾನು ಹಗಲು ಮಿಲಿಟರಿ ಆಫೀಸಿನಲ್ಲಿ ಗುಮಾಸ್ತ, ಸಂಜೆ ಅವರ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್. ದಂಡಿನಲ್ಲಿ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನಲ್ಲಿ, ಮದುವೆಯಾಗಲಿ, ಹೆಣವಾಗಲಿ, ಚರ್ಚಿನ ಹಬ್ಬವಾಗಲಿ, ದರ್ಗಾಕ್ಕೆ ಗಂಧ ಒಯ್ಯುವ ಸಂದಲ್ ಆಗಲಿ, ಗಣೇಶನನ್ನು ಹಲಸೂರು ಕೆರೆಗೆ ಬಿಡುವುದಾಗಲಿ, ನಮ್ಮನ್ನು ಕರೆಯುತ್ತಿದ್ದರು.

ಗಣೇಶನ ಮೆರವಣಿಗೆ ಕೆರೆಗೆ ಹೋಗುವ ದಾರಿಯಲ್ಲಿ ಒಂದು ಮಸೀದಿ. ಅದು ಕಾಣಿಸುವ ತಿರುವಿಗೆ ಬಂದ ಕೂಡಲೇ ಮಾಸ್ತರು ಬಲಗೈ ಮೇಲೆತ್ತುತ್ತಿದ್ದರು. "ದಮ್ ತಗೊಳ್ರಪ್ಪಾ." ಉಸಿರು ಸುಧಾರಿಸಿಕೊಳ್ಳಿ ಅಂತ. ನಾವು ವಾದ್ಯಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ನಡೆಯುತ್ತಿದ್ದೆವು. ಮಸೀದಿಯ ಮುಂದೆ ಅಲ್ಲಿನ ಯಜಮಾನರು, ಬೆಳ್ಳನೆ ಗಡ್ಡದ ಮುದುಕರು, ಕೊಳಗದಲ್ಲಿ ಶರಬತ್ತು ಇಟ್ಟುಕೊಂಡು ಕಾಯುತ್ತಿದ್ದರು. ಕುಡಿದು, ಬಾಯಿ ಒರೆಸಿಕೊಂಡು, ಮುಂದಿನ ತಿರುವು ದಾಟಿದ ಮೇಲೆ ಮತ್ತೆ ಊದುವುದು. ದರ್ಗಾದ ಸಂದಲ್ ಮೆರವಣಿಗೆ ಮಾರಿಯಮ್ಮನ ಗುಡಿ ದಾಟುವಾಗಲೂ ಅದೇ ಕೈ, ಅದೇ ಮಾತು. ಮಂಗಳಾರತಿ ಮುಗಿಯುವವರೆಗೆ ದಮ್. ಯಾರು ಹೇಳಿಕೊಟ್ಟರೋ, ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆ ತಿರುವಿನಿಂದ ಆಚೆ ರಸ್ತೆ ಇಳಿಜಾರು. ದಮ್ ಕಟ್ಟುವಂಥ ದಾರಿಯೇ ಅಲ್ಲ ಅದು.

ಯುದ್ಧ ಮುಗಿಯಿತು. ಬ್ರಿಟಿಷರು ಇವತ್ತೋ ನಾಳೆಯೋ ಗಂಟುಮೂಟೆ ಕಟ್ಟುತ್ತಾರೆ, ದಂಡು ಮೈಸೂರು ಸಂಸ್ಥಾನಕ್ಕೆ ಸೇರುತ್ತದೆ ಅನ್ನುವ ಮಾತು ಎಲ್ಲ ಕಡೆ. ಹಾಗಾದರೆ ಆಮೇಲೆ ಯಜಮಾನಿಕೆ ಯಾರದ್ದು? ಶುರುವಾಯಿತು ನೋಡಿ ತಲೆನೋವು. ಗಣೇಶನನ್ನು ಕೂರಿಸುತ್ತಿದ್ದ ನಮ್ಮ ಬೀದಿಯ ಪಾರ್ಟಿ ಒಡೆದು ಎರಡು ಗುಂಪಾಯಿತು. ಮುನಿಸಿಪಾಲಿಟಿಯ ಒಂದು ಸೀಟಿಗೆ ಇಬ್ಬರು. ಅದರಲ್ಲಿ ಮರದ ಡಿಪೋ ಸಾಹುಕಾರರಿಗೆ, ಎದುರು ಗುಂಪಿನವನಿಗಿಂತ ನಾನೇ ದೊಡ್ಡ ಭಕ್ತ ಅಂತ ತೋರಿಸಿಕೊಳ್ಳಬೇಕಿತ್ತು. ಮಸೀದಿ ಬೀದಿಯ ಪಾರ್ಟಿಯಲ್ಲೂ ಇದೇ ಹಾಡು. ಅಲ್ಲಿ ಚರ್ಮದ ಮಂಡಿಯ ಸಾಹುಕಾರರು ಗಡ್ಡದ ಯಜಮಾನರನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಿದ್ದರು. ದೇವರ ಮೇಲೆ ಇವರಿಬ್ಬರಿಗೂ ಎಷ್ಟು ಪ್ರೀತಿ ಇತ್ತೆಂದು ನನಗೆ ಚೆನ್ನಾಗಿ ಗೊತ್ತು. ಹೇಳಿದರೆ ಬಾಯಿ ಹೊಲಸಾಗುತ್ತದೆ.

ಹಬ್ಬಕ್ಕೆ ಮುಂಚೆ ಡಿಪೋ ಸಾಹುಕಾರರು ಮಾಸ್ತರ ಜಗಲಿಗೆ ಬಂದರು. "ಏನ್ ಮಾಸ್ತ್ರೇ, ಈ ಸಲ ಮಸೀದಿ ಮುಂದೆ ನಿಲ್ಲಿಸ್ಬೇಡಿ. ಬಾರಿಸ್ಕೊಂಡೇ ಹೋಗ್ಬೇಕು. ನಾವೇನು ಅವರ ಆಳುಗಳಾ?" ಅವರು ಅತ್ತ ಹೋದರು, ಇತ್ತ ಮಂಡಿಯ ಕಡೆಯಿಂದ ಇಬ್ಬರು ಬಂದರು. ನಿಲ್ಲಿಸದೆ ಹೋದರೆ ನೋಡಿಕೊಳ್ಳುತ್ತೇವೆ, ನಿಲ್ಲಿಸಬೇಕಾದ್ದು ನಮ್ಮ ಹಕ್ಕು ಅಂತ. ಮಾಸ್ತರು ಎರಡು ಕಡೆಯವರಿಗೂ ಕಾಫಿ ಕೊಟ್ಟು ಕಳಿಸಿದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ವಿಷಯ ಪೊಲೀಸರ ಕಿವಿಗೆ ಬಿತ್ತು. ಇನ್ಸ್‌ಪೆಕ್ಟರು ಶಾಂತಿ ಸಭೆ ಕರೆದರು. ಎರಡೂ ಪಾರ್ಟಿಯವರು ಆಚೀಚೆ ಕುರ್ಚಿಯಲ್ಲಿ. ಮಾಸ್ತರು ನಡುವೆ ನಿಂತಿದ್ದರು, ಹಿಂದೆ ನಾನು.

"ನೀವು ಅಲ್ಲಿ ನಿಲ್ಲಿಸೋದು ಯಾರ ಮಾತಿಗೆ?" ಅಂತ ಇನ್ಸ್‌ಪೆಕ್ಟರು ಕೇಳಿದರು.

"ಯಾರ ಮಾತೂ ಇಲ್ಲ ಸಾರ್. ದಮ್ ತಗೊಳ್ತೀವಿ ಅಷ್ಟೇ."

ಜಗಳ ತಣ್ಣಗಾಗಲಿ ಅಂತ ಆಡಿದ ಮಾತು. ಯಾರ ಮೇಲೂ ಯಾರ ಉಪಕಾರವೂ ಇರಬಾರದು ಅನ್ನುವುದು ಅವರ ಲೆಕ್ಕ. ಸಭೆಯಿಂದ ಹೊರಗೆ ಬರುವಷ್ಟರಲ್ಲಿ ಆ ಮಾತನ್ನು ಎರಡು ಕಡೆಯವರೂ ಹರಿದು ಹಂಚಿಕೊಂಡಿದ್ದರು. ಡಿಪೋ ಸಾಹುಕಾರರು, "ಕೇಳಿದ್ರಾ, ಮಸೀದಿಗೂ ಅದಕ್ಕೂ ಸಂಬಂಧವೇ ಇಲ್ಲ. ದಮ್ಮು ತಾನೇ, ಕೆರೆ ಏರಿ ಮೇಲೆ ತಗೊಳ್ಳಲಿ" ಅಂದರು. ಮಂಡಿಯವರು, "ನೋಡ್ರಿ, ಇಷ್ಟು ವರ್ಷ ನಮಗೆ ಮರ್ಯಾದೆ ಕೊಡ್ತಾರೆ ಅಂದ್ಕೊಂಡಿದ್ವಿ, ಬರೀ ನಾಟಕ" ಅಂದರು. ಪಾಪ, ಮಾಸ್ತರಿಗೆ ಈ ಆಟ ಗೊತ್ತಿರಲಿಲ್ಲ. ತಾಳ ತಪ್ಪಿದರೆ ಸರಿಮಾಡುವುದು ಗೊತ್ತಿತ್ತು, ಬೇಕೆಂದೇ ತಪ್ಪಿಸುವವರನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಸರ್ಕಾರ ತನ್ನ ಬುದ್ಧಿ ತೋರಿಸಿತು. ಆ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಸಿತು. ಇದರಿಂದಾಚೆ ವಾದ್ಯ ನಿಷೇಧ. ನಾವಾಗಿಯೇ ನಿಲ್ಲಿಸುತ್ತಿದ್ದ ಜಾಗದಲ್ಲೇ, ಒಂದು ಮಾರು ಅತ್ತಿತ್ತ ಇಲ್ಲ. ಆದರೆ ಈಗ ನಿಲ್ಲಿಸಿದರೆ ಒಂದು ಪಾರ್ಟಿ ಸೋತ ಹಾಗೆ, ನಿಲ್ಲಿಸದಿದ್ದರೆ ಇನ್ನೊಂದು ಪಾರ್ಟಿ ಸೋತ ಹಾಗೆ. ನಾನು ಮಾಸ್ತರಿಗೆ, "ಈ ವರ್ಷ ಹೋಗೋದೇ ಬೇಡ" ಅಂದೆ.

"ನಾವು ಹೋಗ್ದಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡ್ ಬರ್ತಾರಪ್ಪಾ. ಅವರಿಗೆ ಆ ತಿರುವು ಗೊತ್ತಿರಲ್ಲ" ಅಂದರು.

ಹೋದೆವು. ಗೆರೆಯ ಆಚೆ ಮಂಡಿಯವರ ವಾಲಂಟಿಯರುಗಳು, ನಮ್ಮ ಬೆನ್ನ ಹಿಂದೆ ಡಿಪೋದವರು. ಶರಬತ್ತಿನ ಯಜಮಾನರು ಮಾತ್ರ ಎಲ್ಲರನ್ನೂ ತಳ್ಳಿಕೊಂಡು ಕೊಳಗದ ಜೊತೆ ಮುಂದೆ ಬಂದು ನಿಂತಿದ್ದರು. ಮಾಸ್ತರು ಎಂದಿನಂತೆ ಬಲಗೈ ಎತ್ತಿದರು. ನಾವು ನಿಲ್ಲಿಸಿದೆವು. ಈ ಸಲವೂ ಹಾಗೇ ನಡೆದು ದಾಟಿಬಿಡುತ್ತೇವೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ತಮಟೆ ಕೇಳಿಸಿತು. ಡಿಪೋದವರು ತಮ್ಮದೇ ತಮಟೆ ತಂದಿದ್ದರು. ಆಚೆಯಿಂದ ಕಲ್ಲು ಬಿತ್ತು, ಅವರೂ ಮೊದಲೇ ಕೂಡಿಟ್ಟುಕೊಂಡಿದ್ದರು. ಆಮೇಲೆ ಲಾಠಿ. ಯಜಮಾನರ ಕೊಳಗ ಉರುಳಿ, ಶರಬತ್ತೆಲ್ಲ ಮಣ್ಣುಪಾಲಾಯಿತು.

ವಿಚಾರಣೆ ನಡೆಯಿತು. ಡಿಪೋ ಸಾಹುಕಾರರು ನಿಂತು, ಬ್ಯಾಂಡ್ ಮಾಸ್ತರು ಕೈ ಎತ್ತಿ ಸನ್ನೆ ಮಾಡಿದರು, ಅದನ್ನು ನೋಡಿಯೇ ಹುಡುಗರು ರೊಚ್ಚಿಗೆದ್ದರು ಅಂದರು. ಮಂಡಿಯ ಸಾಹುಕಾರರು ನಿಂತು ಅದನ್ನೇ ಹೇಳಿದರು. ಹೌದು, ಕೈ ಎತ್ತಿದ್ದು ನಾನೂ ಕಂಡೆ ಅಂತ. ನಾನು ಎದ್ದು ಕೂಗಾಡಿದೆ, ನನ್ನನ್ನು ಹೊರಗೆ ಕಳಿಸಿದರು. ಗಡ್ಡದ ಯಜಮಾನರು ಬಂದು ನಿಜ ಹೇಳಿದರು, ಅವರ ಮಾತನ್ನು ಅವರ ಪಾರ್ಟಿಯವರೇ ಮುದಿತನದ ಮಾತು ಅಂದುಬಿಟ್ಟರು. ಎರಡೂ ಪಾರ್ಟಿಯವರು ಬಿಡುಗಡೆಯಾದರು. ಬ್ಯಾಂಡಿನ ಲೈಸೆನ್ಸು ರದ್ದಾಯಿತು. ಊರಿಗೆಲ್ಲ ಮಾಸ್ತರು ಗಲಾಟೆಗೆ ಸನ್ನೆ ಕೊಟ್ಟ ಮನುಷ್ಯ ಆಗಿಹೋದರು. ಮಾರಿಯಮ್ಮನ ಬೀದಿಯ ಹೆಂಗಸರು ಅವರನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು.

ಆ ಇಬ್ಬರು ಸಾಹುಕಾರರೂ ತಮ್ಮ ತಮ್ಮ ಬೀದಿಯ ಸೀಟಿನಲ್ಲಿ ಗೆದ್ದರು. ಮುನಿಸಿಪಾಲಿಟಿಯಲ್ಲಿ ಅಕ್ಕಪಕ್ಕದಲ್ಲೇ ಕೂರುತ್ತಿದ್ದರಂತೆ, ಎಲೆ ಅಡಿಕೆಯನ್ನೂ ಹಂಚಿಕೊಳ್ಳುತ್ತಿದ್ದರಂತೆ. ಸುದ್ದಿ ತಂದು ಹೇಳಿದೆ. ಮಾಸ್ತರು ಸಣ್ಣಗೆ ನಕ್ಕರು. "ಇಬ್ರೂ ಸೇರಿ ಒಂದೇ ಸುಳ್ಳು ಹೇಳಿದ್ರಲ್ಲಪ್ಪಾ. ಅಷ್ಟಾದ್ರೂ ಒಗ್ಗಟ್ಟು ಬಂತು." ವಾದ್ಯಗಳನ್ನೆಲ್ಲ ಮಾರಿ, ಕೋಲಾರದ ಗಣಿಯ ಕಡೆ ಇದ್ದ ಮಗಳ ಮನೆಗೆ ಹೊರಟುಹೋದರು. ಅಲ್ಲೇ ತೀರಿಕೊಂಡರು ಅಂತ ಯಾರೋ ಬಹಳ ತಡವಾಗಿ ಹೇಳಿದರು...

ಈಗಲೂ ಗಣೇಶ ಅದೇ ದಾರಿಯಲ್ಲಿ ಕೆರೆಗೆ ಹೋಗುತ್ತಾನೆ. ಆ ತಿರುವಿನಲ್ಲಿ ಹಿಂದಿನ ದಿನದಿಂದಲೇ ಪೊಲೀಸ್ ವ್ಯಾನು, ತಡೆಗೋಡೆ. ಹೋದ ವರ್ಷ ಮೊಮ್ಮಗನ ಕೈ ಹಿಡಿದು ನಿಂತಿದ್ದಾಗ ಒಬ್ಬ ಕಾನ್‌ಸ್ಟೇಬಲ್ ಬಂದ. "ಇಲ್ಲಿ ನಿಲ್ಬೇಡಿ ತಾತ, ಇದು ಸೂಕ್ಷ್ಮ ಪ್ರದೇಶ. ಮೊದಲಿಂದ್ಲೂ ಹಿಂಗೇ" ಅಂದ. ಮೊದಲಿಂದ ಹಿಂಗಿರಲಿಲ್ಲ ಕಣಯ್ಯಾ ಅಂತ ನಾನು ಹೇಳಿದ್ದು ಮೆರವಣಿಗೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ನಾನು ಹೇಳಿದ್ದು ನಿಜ ಅನ್ನುವುದಕ್ಕೆ ಸಾಕ್ಷಿ ಹೇಳಬಲ್ಲವರು ಈಗ ಯಾರೂ ಬದುಕಿಲ್ಲ.